ಬೆಳಗಿನ ಖಾಲಿ ಸುತ್ತು

— ಮಾವ, ಈ ಸಲ ಕಾಲೇಜಿನಿಂದ ಬಿಡದಿಯ ವಂಡರ್‌ಲಾ ಪಾರ್ಕಿಗೆ ಪ್ರವಾಸ. ಫಸ್ಟ್ ಪಿಯು ಮಕ್ಕಳು. ಪ್ರಿನ್ಸಿಪಾಲರು ಒಪ್ಪಲಿ ಅಂತ ಅರ್ಜಿಯಲ್ಲಿ ‘ಶೈಕ್ಷಣಿಕ ಪ್ರವಾಸ’ ಅಂತಲೇ ಬರೆದಿದ್ದೀನಿ. ನೀವೂ ಬನ್ನಿ. ಯಂತ್ರ ಬಲ್ಲವರು ಒಬ್ಬರು ಜೊತೆಗಿದ್ದರೆ ನನಗೂ ಧೈರ್ಯ.

— ಯಂತ್ರ ಬಲ್ಲವನೇ ಯಂತ್ರದ ಮೇಲೆ ಕೂರೋಕೆ ಹೆದರೋದು ಕಣಮ್ಮ. ಎಚ್‌ಎಂಟಿಯಲ್ಲಿ ಅಷ್ಟು ವರ್ಷ ಮೇಂಟೆನೆನ್ಸ್ ನೋಡಿಕೊಂಡು ನಾನು ಕಲಿತದ್ದು ಇಷ್ಟೇ: ತಿರುಗೋದೆಲ್ಲ ಒಂದು ದಿನ ಸವೆಯುತ್ತೆ. ಯಾವತ್ತು ಸವೆಯುತ್ತೆ ಅಂತ ಮೊದಲೇ ಗೊತ್ತುಮಾಡಿಕೊಳ್ಳೋನು ಫಿಟ್ಟರ್. ಅದಿರಲಿ, ಶೈಕ್ಷಣಿಕ ಅಂದ್ಯಲ್ಲ, ನೀರಾಟದಲ್ಲಿ ಏನು ಶಿಕ್ಷಣ?

— ನೀರಾಟ ಮಧ್ಯಾಹ್ನದ ಮೇಲೆ. ಬೆಳಗ್ಗೆ ರಿಕಾಯಿಲ್ ಅನ್ನೋ ರೋಲರ್ ಕೋಸ್ಟರ್. ಶಕ್ತಿ ಸಂರಕ್ಷಣೆಯ ಪಾಠಕ್ಕೆ ಅಷ್ಟು ಒಳ್ಳೆಯ ಪ್ರಯೋಗಾಲಯ ನಮ್ಮ ಕಾಲೇಜಿನಲ್ಲಿ ಇಲ್ಲ. ರೈಲನ್ನು ಮೊದಲು ಹಿಂದಕ್ಕೆ ಎಳೆದು ಎತ್ತರಕ್ಕೆ ಒಯ್ತಾರೆ, ಬಿಡ್ತಾರೆ. ಅದು ನಾವು ಹತ್ತಿದ ಜಾಗವನ್ನೇ ರಭಸದಲ್ಲಿ ದಾಟಿ, ತಲೆಕೆಳಗಾಗಿ ಸುರುಳಿ ಸುತ್ತಿ, ಆಚೆ ಕಡೆಯ ಏರಿಗೆ ನುಗ್ಗುತ್ತೆ. ಆದರೆ ಪೂರ್ತಿ ಹತ್ತಲಾರದು. ಗಾಳಿ, ಘರ್ಷಣೆ ಎರಡೂ ಸೇರಿ ಒಂದಿಷ್ಟು ಶಕ್ತಿ ತಿಂದುಬಿಟ್ಟಿರುತ್ತೆ. ಅಲ್ಲಿ ಒಂದು ಸರಪಳಿ ಕಾದಿರುತ್ತೆ. ರೈಲನ್ನು ಹಿಡಿದು ಉಳಿದಷ್ಟು ಏರನ್ನು ಅದೇ ಎಳೆದು ಹತ್ತಿಸುತ್ತೆ. ಆಮೇಲೆ ಬಂದ ದಾರಿಯಲ್ಲೇ ಹಿಮ್ಮುಖ. ಮಕ್ಕಳಿಗೆ ನಾನು ಕೇಳೋ ಪ್ರಶ್ನೆ ಒಂದೇ, ಆ ಸರಪಳಿ ಯಾಕೆ ಬೇಕಾಯ್ತು?

— ಕಿರುಚ್ತಾ ಇರೋರಿಗೆ ಪ್ರಶ್ನೆ ಎಲ್ಲಿ ಕೇಳಿಸುತ್ತೆ!

— ಇಳಿದ ಮೇಲೆ ಕೇಳ್ತೀನಿ ಮಾವ. ಸುರುಳಿಯ ಆಕಾರವನ್ನೂ ನೋಡೋಕೆ ಹೇಳ್ತೀನಿ. ಅದು ವೃತ್ತ ಅಲ್ಲ. ಬಾಗು ಮೇಲೆ ಬಿಗಿ, ಕೆಳಗೆ ಅಗಲ, ನೀರಿನ ಹನಿಯನ್ನು ತಲೆಕೆಳಗು ಮಾಡಿ ಇಟ್ಟ ಆಕಾರ. 1895ರಲ್ಲಿ ನ್ಯೂಯಾರ್ಕಿನ ಕೋನಿ ಐಲ್ಯಾಂಡಿನಲ್ಲಿ ಫ್ಲಿಪ್ ಫ್ಲ್ಯಾಪ್ ಅಂತ ಒಂದು ಆಟ ಕಟ್ಟಿದರು. ಅದರ ಸುರುಳಿ ಅಚ್ಚುಕಟ್ಟಾದ ವೃತ್ತ. ಹತ್ತಿದವರಿಗೆಲ್ಲ ಕತ್ತು ನೋವು. ಲೆಕ್ಕ ಮಾಡಿದರೆ ಕಾರಣ ಸಿಗುತ್ತೆ. ತುದಿಯಲ್ಲಿ ಬೀಳದಿರೋಕೆ ಎಷ್ಟು ಬೇಕೋ ಅಷ್ಟೇ ವೇಗದಲ್ಲಿ ವೃತ್ತ ಸುತ್ತಿದರೂ, ತಳದಲ್ಲಿ ಮೈಭಾರ ಆರು ಪಟ್ಟು ಆಗುತ್ತೆ. 50 ಕೆಜಿ ಹುಡುಗಿಗೆ 300 ಕೆಜಿ ಹೊತ್ತ ಹಾಗೆ ಅನ್ನಿಸುತ್ತೆ. 1976ರಲ್ಲಿ ಕ್ಯಾಲಿಫೋರ್ನಿಯಾದ ಮ್ಯಾಜಿಕ್ ಮೌಂಟನ್‌ನಲ್ಲಿ ಈ ಹನಿಯಾಕಾರದ ಸುರುಳಿ ಬಂತು. ಲೆಕ್ಕ ಹಾಕಿದವರು ವರ್ನರ್ ಸ್ಟೆಂಗೆಲ್ ಅನ್ನೋ ಜರ್ಮನ್ ಎಂಜಿನಿಯರ್. ರೈಲು ಹಳಿ, ಹೆದ್ದಾರಿ ತಿರುಗೋ ಕಡೆ ನಿಧಾನವಾಗಿ ಬಿಗಿಯಾಗ್ತಾ ಹೋಗೋ ಬಾಗು ಇರುತ್ತಲ್ಲ, ಆ ಗಣಿತವೇ ಇದು.

— ಒಳ್ಳೆಯ ಪಾಠ. ಆದರೆ ಎಲ್ಲ ಮೇಷ್ಟರ ಹಾಗೆ ನೀನೂ ಹಳಿಯ ಮೇಲ್ಭಾಗ ಮಾತ್ರ ನೋಡ್ತಾ ಇದ್ದೀಯ. ಕೆಳಭಾಗ ನೋಡು. ರೈಲಿಗೆ ಮೂರು ಥರದ ಚಕ್ರ ಇರುತ್ತೆ. ಭಾರ ಹೊರೋದು ಹಳಿಯ ಮೇಲೆ. ಪಕ್ಕಕ್ಕೆ ಜಾರದಂತೆ ತಡೆಯೋದು ಮಗ್ಗುಲಲ್ಲಿ. ಇನ್ನೊಂದು ಹಳಿಯ ಅಡಿಯಲ್ಲಿ, ರೈಲು ಮೇಲಕ್ಕೆ ಹಾರದಂತೆ. ಇಕ್ಕಳದಲ್ಲಿ ಬಿಸಿ ಪಾತ್ರೆ ಹಿಡಿದ ಹಾಗೆ ಮೂರೂ ಕಡೆಯಿಂದ ಕಚ್ಚಿಕೊಂಡಿರುತ್ತೆ. ತಲೆಕೆಳಗಾದಾಗ ಜನ ಎದೆಯ ಮೇಲಿನ ಪಟ್ಟಿಯನ್ನು ನಂಬಿ ಕೂತಿರ್ತಾರೆ. ಆ ಅಡಿಯ ಚಕ್ರ ಒಂದಿದೆ ಅಂತ ಅವರಿಗೆ ಗೊತ್ತೇ ಇರಲ್ಲ.

— ಮಕ್ಕಳ ಅಪ್ಪ ಅಮ್ಮಂದಿರು ಫೋನ್ ಮಾಡಿ ಕೇಳೋದು ಬೇರೆ. ‘ಮೇಡಂ, ಮೇಲೆ ಹೋದಾಗ ಕರೆಂಟ್ ಹೋದರೆ?’

— ನಮ್ಮ ಊರುಗಳಲ್ಲಿ ಬೆಳೆದವರು ಇನ್ನೇನು ಕೇಳ್ತಾರೆ! ನ್ಯಾಯವಾದ ಪ್ರಶ್ನೆಯೇ. ಹೇಳು ಅವರಿಗೆ, ಬ್ರೇಕು ಹಿಡಿಯೋಕೆ ಕರೆಂಟ್ ಬೇಕಾಗಿಲ್ಲ, ಬಿಡಿಸೋಕೆ ಬೇಕು. ಸಾಮಾನ್ಯವಾಗಿ ಸ್ಪ್ರಿಂಗು ಬ್ರೇಕನ್ನು ಸದಾ ಅದುಮಿಕೊಂಡೇ ಇರುತ್ತೆ, ಗಾಳಿಯ ಒತ್ತಡ ಕೊಟ್ಟಾಗ ಮಾತ್ರ ತೆರೆಯುತ್ತೆ. ಗಾಳಿ ಹೋಯ್ತೋ, ಕಚ್ಚಿಕೊಳ್ತು. ಎತ್ತರದಿಂದ ಧೊಪ್ಪನೆ ಬೀಳಿಸೋ ಗೋಪುರದ ಆಟಗಳಲ್ಲಿ ಬಹಳಷ್ಟು ಕಡೆ ಅಯಸ್ಕಾಂತದ ಬ್ರೇಕು ಇರುತ್ತೆ. ಅದರ ವಿಷಯ ನೀನೇ ಹೇಳಬೇಕು.

— ಲೆನ್ಸ್ ನಿಯಮ ಮಾವ. ಅಯಸ್ಕಾಂತಗಳ ನಡುವೆ ತಾಮ್ರದ್ದೋ ಅಲ್ಯೂಮಿನಿಯಂದೋ ಹಲಗೆ ಹಾದುಹೋದರೆ ಅದರೊಳಗೆ ಸುಳಿ ವಿದ್ಯುತ್ ಹುಟ್ಟಿ, ಹುಟ್ಟಿಸಿದ ಚಲನೆಯನ್ನೇ ತಡೆಯುತ್ತೆ. ಹೊರಗಿನ ಕರೆಂಟ್ ಬೇಡವೇ ಬೇಡ. ಜೋರಾಗಿ ಬಿದ್ದಷ್ಟೂ ಜೋರಾಗಿ ತಡೆಯುತ್ತೆ. ಉಜ್ಜೋದೇ ಇಲ್ಲ, ಹಾಗಾಗಿ ಸವೆತವೂ ಇಲ್ಲ.

— ಆ ಬ್ರೇಕಿಗೆ ಸವೆತ ಇಲ್ಲ. ಅದನ್ನು ಹಿಡಿದಿರೋ ಬೋಲ್ಟಿಗೆ ಇದೆ. ನಿಮ್ಮ ಪುಸ್ತಕ ಮುಗಿಯೋ ಕಡೆ ನಮ್ಮ ಕೆಲಸ ಶುರು. ಪಾರ್ಕಿನ ಬಾಗಿಲು ತೆರೆಯೋದು ಹನ್ನೊಂದರ ಹೊತ್ತಿಗೆ. ಅದಕ್ಕೂ ಮುಂಚೆ ಏನು ನಡೆಯುತ್ತೆ ಅನ್ನೋದು ನನ್ನ ಪಾಲಿಗೆ ನಿಜವಾದ ಆಟ. ನೆಟ್ಟಗೆ ನಡೆಯೋ ಯಾವ ಪಾರ್ಕಿನಲ್ಲೂ ಬೆಳಗ್ಗೆ ಒಬ್ಬ ಫಿಟ್ಟರ್ ಹಳಿಯುದ್ದಕ್ಕೂ ನಡೀತಾನೆ, ಹತ್ತೋ ಕಡೆ ಹತ್ತುತ್ತಾನೆ. ಬೋಲ್ಟಿಗೆ ಬಣ್ಣದ ಗೆರೆ ಎಳೆದಿರ್ತಾರೆ, ಗೆರೆ ತುಂಡಾಗಿದ್ದರೆ ಬೋಲ್ಟು ತಿರುಗಿದೆ ಅಂತ ಅರ್ಥ. ಸೀಟಿನ ಪಟ್ಟಿಗಳನ್ನು ಒಂದೊಂದಾಗಿ ಎಳೆದು ನೋಡ್ತಾರೆ. ಆಮೇಲೆ ಖಾಲಿ ರೈಲನ್ನು ಓಡಿಸ್ತಾರೆ. ಒಂದಲ್ಲ, ಹಲವು ಸುತ್ತು. ಸದ್ದು ಕೇಳ್ತಾರೆ. ಕಾಗದದಲ್ಲಿ ಸಹಿ. ಸಹಿ ಬೀಳದೆ ಆಟ ತೆರೆಯೋ ಹಾಗಿಲ್ಲ.

— ಬಿರುಕು ಬಿಟ್ಟಿದ್ದರೆ ಸದ್ದಿನಲ್ಲಿ ಗೊತ್ತಾಗುತ್ತಾ?

— ಗೊತ್ತಾಗಲ್ಲ. ಕಣ್ಣಿಗೂ ಕಾಣಲ್ಲ. ಅದಕ್ಕೆ ಬೇರೆ ಉಪಾಯ ಇದೆ. ಲೋಹವನ್ನು ಚೆನ್ನಾಗಿ ಒರೆಸಿ ಕೆಂಪು ದ್ರವ ಹಚ್ಚು. ಸ್ವಲ್ಪ ಹೊತ್ತು ಬಿಟ್ಟು ಒರೆಸಿಬಿಡು. ಮೇಲೆ ಬಿಳಿ ಪುಡಿಯ ಸ್ಪ್ರೇ ಹೊಡಿ. ಕೂದಲೆಳೆಯಷ್ಟು ಬಿರುಕು ಇದ್ದರೂ ಒಳಗೆ ಇಳಿದ ಕೆಂಪು, ಬಿಳಿಯ ಮೇಲೆ ಗೆರೆಯಾಗಿ ಎದ್ದು ಬರುತ್ತೆ. ಡೈ ಪೆನೆಟ್ರೆಂಟ್ ಅಂತೀವಿ. ಇನ್ನೂ ಆಳಕ್ಕೆ ನೋಡಬೇಕಾದರೆ ಅಲ್ಟ್ರಾಸೌಂಡ್. ಹೌದು, ಬಸುರಿಯರಿಗೆ ಮಾಡ್ತಾರಲ್ಲ, ಆ ತತ್ತ್ವವೇ. ಲೋಹ ಒಂದೇ ಏಟಿಗೆ ಮುರಿಯೋದು ಕಮ್ಮಿ. ಸಾವಿರ ಸಲ, ಲಕ್ಷ ಸಲ ಬಾಗಿ ಬಾಗಿ ದಣಿಯುತ್ತೆ. ಬಿರುಕು ಒಂದಿಷ್ಟೇ ಬೆಳೆಯುತ್ತೆ. ಮುರಿಯೋದು ಕೊನೆಯ ದಿನ.

— ನೀವು ಹೇಳೋದು ಕೇಳಿದರೆ ಹತ್ತೋದೇ ಬೇಡ ಅನ್ನಿಸುತ್ತೆ.

— ತಲೆಕೆಳಗು ಅರ್ಥ ಮಾಡಿಕೊಂಡೆ. ಇಷ್ಟೆಲ್ಲ ಮಾಡ್ತಾರೆ ಅಂದರೆ ಹತ್ತಬಹುದು. ಹೋಗಲಿ, ಪಾರ್ಕು ಈಗ ಹೇಗಿದೆ? ನಾನು ನೋಡಿದ್ದು ಶುರುವಿನಲ್ಲಿ.

— 2005ರಲ್ಲಾ? ಗುರುತು ಸಿಗಲ್ಲ ಬಿಡಿ. ಕೊಚ್ಚಿಯಲ್ಲಿ 2000ದಲ್ಲಿ ವೀಗಾಲ್ಯಾಂಡ್ ಅಂತ ಶುರು ಮಾಡಿದ ವಿ-ಗಾರ್ಡ್ ಕಂಪನಿಯ ಕೊಚೌಸೇಫ್ ಚಿಟ್ಟಿಲಪ್ಪಿಳ್ಳಿ ಅವರೇ ಇದನ್ನೂ ಕಟ್ಟಿದ್ದು. 2014ರಲ್ಲಿ ಷೇರುಪೇಟೆಗೂ ಬಂತು. ಈಗ ಹೈದರಾಬಾದ್, ಭುವನೇಶ್ವರ, ಚೆನ್ನೈಗಳಲ್ಲೂ ಪಾರ್ಕುಗಳಿವೆ. ಹೋಗೋ ದಾರಿಯಂತೂ ಪೂರ್ತಿ ಬದಲು. 2023ರ ಮಾರ್ಚಿನಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆಯ್ತು. ಅದೇ ಆಗಸ್ಟ್‌ನಿಂದ ಬೈಕು, ಆಟೋ ಮುಖ್ಯ ರಸ್ತೆ ಹತ್ತೋ ಹಾಗಿಲ್ಲ.

— ನನ್ನ ಬೈಕಿಗೆ ಸರ್ವೀಸ್ ರೋಡೇ ಗತಿ ಅಂತಾಯ್ತು. ಒಳ್ಳೇದೇ, ಬಿಡದಿಯ ತಟ್ಟೆ ಇಡ್ಲಿ ಅಂಗಡಿಗಳು ಸಿಗೋದು ಆ ರಸ್ತೆಯಲ್ಲೇ. ಜಿಲ್ಲೆಯ ಹೆಸರೂ ಬದಲಾಯ್ತಲ್ಲ, ಈಗ ಬೆಂಗಳೂರು ದಕ್ಷಿಣ. ಇಡ್ಲಿ ಅದೇ ಇದ್ದರೆ ಸಾಕು.

— ಪಾರ್ಕಿನ ಒಳಗೆ ಹೊಸದು ಅಂದರೆ ಪರದೆಯ ಆಟ. ಮಿಷನ್ ಇಂಟರ್‌ಸ್ಟೆಲ್ಲರ್ ಅಂತ. ಕುರ್ಚಿಯಲ್ಲಿ ಬಿಗಿದು ಕೂರಿಸಿ ದೊಡ್ಡ ಪರದೆಯ ಮುಂದೆ ತೇಲಿಸ್ತಾರೆ. ಮೈ ಹೋಗೋದು ಸ್ವಲ್ಪ, ಕಣ್ಣು ಹೋಗೋದು ಅಂತರಿಕ್ಷಕ್ಕೆ.

— ಕಣ್ಣು ಹಾರ್ತಿದ್ದೀನಿ ಅನ್ನುತ್ತೆ, ಕಿವಿಯೊಳಗಿನ ದ್ರವ ಕೂತಿದ್ದೀನಿ ಅನ್ನುತ್ತೆ. ಜಗಳ ಹೊಟ್ಟೆಯಲ್ಲಿ ಬಗೆಹರಿಯುತ್ತೆ. ನನಗೆ ಬೇಡಪ್ಪ.

— ಇನ್ನೊಂದು ಬದಲಾವಣೆ ನನಗೆ ಬೇಜಾರು ತರಿಸಿದ್ದು. ಫಾಸ್ಟ್‌ಟ್ರ್ಯಾಕ್ ಟಿಕೆಟ್. ಹೆಚ್ಚು ದುಡ್ಡು ಕೊಟ್ಟವರಿಗೆ ಬೇರೆ ಸಾಲು. ಬಿಸಿಲಲ್ಲಿ ಕಾದು ನಿಂತ ಮಗುವಿನ ಕಣ್ಣೆದುರೇ ಇನ್ನೊಂದು ಮಗು ಬಂದು ಹತ್ತಿಹೋಗುತ್ತೆ. ಒಳಗೆ ಕಾಲಿಟ್ಟ ಮೇಲೆ ಎಲ್ಲರೂ ಸಮ ಅನ್ನೋದಾದರೂ ಇರಬೇಕಿತ್ತು. ನಮ್ಮ ಜಾತ್ರೆಯಲ್ಲಿ ಹೀಗಿರಲಿಲ್ಲ.

— ಜಾತ್ರೆಯಲ್ಲಿ ಊರಗೌಡರ ಮಗ ಸಾಲಿನಲ್ಲಿ ನಿಂತಿದ್ದನ್ನು ನೀನು ನೋಡಿದ್ದೀಯಾ?

— ಅದು... ಇಲ್ಲ.

— ಮತ್ತೆ! ಅವನು ಮುಖ ತೋರಿಸಿ ಹತ್ತುತ್ತಿದ್ದ, ಇವರು ರಸೀದಿ ತೋರಿಸಿ ಹತ್ತುತ್ತಾರೆ. ರಸೀದಿಯೇ ವಾಸಿ ಅಂತ ನಾನಂತೀನಿ. ಆದರೆ ಲೆಕ್ಕ ಬೇರೆ ಇದೆ. 24 ಜನ ಕೂರೋ ಆಟ ಅಂದುಕೋ. ಹತ್ತಿಸಿ, ಬಿಗಿದು, ಸುತ್ತಿಸಿ, ಇಳಿಸೋಕೆ ಐದು ನಿಮಿಷ. ಗಂಟೆಗೆ 288 ಜನ, ಅಷ್ಟೇ. ಫಾಸ್ಟ್‌ಟ್ರ್ಯಾಕ್ ಮಾರಿದರೆ ಆ 288 ಹೆಚ್ಚಾಗಲ್ಲ. ಒಬ್ಬ ಉಳಿಸಿದ ಹೊತ್ತನ್ನು ಇನ್ನೊಬ್ಬ ಬಿಸಿಲಲ್ಲಿ ಕಳೀತಾನೆ. ಹೊಸ ಸುತ್ತು ಹುಟ್ಟಿಸದೆ, ಇರೋ ಸಾಲನ್ನೇ ಹಂಚಿ ಮಾರಿದ ಹಾಗೆ. ಅದಕ್ಕೆ ವಾರದ ನಡುವೆ ಹೋಗಿ, ಶನಿವಾರ ಭಾನುವಾರ ಬೇಡ. ಸಾಲೂ ಚಿಕ್ಕದು, ಟಿಕೆಟ್ಟೂ ಅಗ್ಗ.

— ಅಗ್ಗ ಅಂದರೂ ದೊಡ್ಡವರಿಗೆ ಸಾವಿರದ ಮೇಲೆ ಮಾವ. ವಿದ್ಯಾರ್ಥಿಗಳಿಗೆ ರಿಯಾಯಿತಿ ಇದೆ, ಐಡಿ ಕಾರ್ಡ್ ತೋರಿಸಬೇಕು. ತೆರಿಗೆಯೇ ಎಷ್ಟೋ ಆಗುತ್ತೆ. 2017ರಲ್ಲಿ ಜಿಎಸ್‌ಟಿ ಬಂದಾಗ ಇಂಥ ಪಾರ್ಕುಗಳಿಗೆ ಶೇ. 28 ಹಾಕಿದ್ದರು, 2018ರ ಜನವರಿಯಲ್ಲಿ 18ಕ್ಕೆ ಇಳಿಸಿದರು. ಮಕ್ಕಳ ಟಿಕೆಟ್ ಮಾತ್ರ ತಮಾಷೆ. ವಯಸ್ಸು ಕೇಳೋದೇ ಇಲ್ಲ, ಎತ್ತರ ಅಳೀತಾರೆ. 85 ಸೆಂಟಿಮೀಟರಿಗಿಂತ ಕಮ್ಮಿಯಾದರೆ ಉಚಿತ, 140ರವರೆಗೆ ಮಕ್ಕಳ ದರ. ನನ್ನ ಮಗ ಟಿಕೆಟ್ ಕೌಂಟರಿನಲ್ಲಿ ಕುಗ್ಗಿ ನಿಲ್ತಾನೆ, ದೊಡ್ಡ ಆಟದ ಬಾಗಿಲಲ್ಲಿ ತುದಿಗಾಲ ಮೇಲೆ ನಿಲ್ತಾನೆ.

— ತುದಿಗಾಲು ಬಿಡಬೇಡ. ಆ ಎತ್ತರ ಸುಮ್ಮನೆ ಇಟ್ಟಿದ್ದಲ್ಲ. ಪಟ್ಟಿ ಹೆಗಲಿಗೂ ತೊಡೆಗೂ ಕೂರಬೇಕಾದರೆ ಮೈ ಅಷ್ಟು ಬೆಳೆದಿರಬೇಕು. ಚಿಕ್ಕ ಮೈ ಸಂದಿಯಲ್ಲಿ ಜಾರುತ್ತೆ. ಅಲ್ಲಿ ನಿಂತ ಹುಡುಗ ‘ಆಗಲ್ಲ’ ಅಂದರೆ ‘ಒಂದು ಸಲ ಬಿಡಪ್ಪ’ ಅಂತ ಅಂಗಲಾಚೋ ಅಪ್ಪಂದಿರನ್ನು ಕಂಡರೆ ನನಗೆ ಮೈ ಉರಿಯುತ್ತೆ.

— ನನ್ನ ಕ್ಲಾಸಿನಲ್ಲಿ ಕೆಲವರು ಪ್ರವಾಸಕ್ಕೆ ಹೆಸರೇ ಕೊಟ್ಟಿಲ್ಲ ಮಾವ. ದುಡ್ಡಿನ ಕಾರಣ, ಬಾಯಿಬಿಟ್ಟು ಹೇಳಲ್ಲ. ಒಬ್ಬಳು ಹೇಳಿದಳು, ‘ಮಿಸ್, ನಾವು ಜಾತ್ರೆಯಲ್ಲೇ ತೊಟ್ಟಿಲು ಹತ್ತುತ್ತೀವಿ’ ಅಂತ. ಕಾಲೇಜಿನ ನಿಧಿಯಿಂದ ಸ್ವಲ್ಪ ಹೊಂದಿಸ್ತಾ ಇದ್ದೀವಿ. ಆದರೂ ಅವಳ ಮಾತು ಮನಸ್ಸಿನಲ್ಲಿ ಉಳೀತು.

— ಆ ಹುಡುಗಿಯ ಮಾತಿಗೇ ನಾನು ಬರಬೇಕು ಅಂತಿದ್ದೆ. ನಮ್ಮ ಶಿರಸಿ ಜಾತ್ರೆ ನೋಡು. ಎರಡು ವರ್ಷಕ್ಕೊಮ್ಮೆ ಮಾರಿಕಾಂಬೆ ಬಿಡಕಿಬೈಲಿನ ಗದ್ದುಗೆ ಏರ್ತಾಳೆ. ದೇವಿಗೆ ಕೈಮುಗಿದು ಜನ ನೇರ ನಡೆಯೋದು ಎಲ್ಲಿಗೆ? ತೊಟ್ಟಿಲು, ಕೊಲಂಬಸ್, ಬ್ರೇಕ್ ಡ್ಯಾನ್ಸ್, ಸಾವಿನ ಬಾವಿ. ರಾತ್ರಿಯೆಲ್ಲ ದೀಪ. ಪಾರ್ಕಿನ ಟಿಕೆಟ್ ಕೊಳ್ಳಲಾಗದ ಮನೆಗಳ ಮಕ್ಕಳೆಲ್ಲ ಹತ್ತೋದು ಅಲ್ಲೇ. ರಾಜ್ಯದ ಲೆಕ್ಕ ತೆಗೆದರೆ ಪಾರ್ಕಿಗಿಂತ ಜಾತ್ರೆಯ ಆಟ ಹತ್ತೋರೇ ಹೆಚ್ಚಿದ್ದಾರೆ ಅನ್ನೋದರಲ್ಲಿ ನನಗೆ ಅನುಮಾನ ಇಲ್ಲ. ಈಗ ಫಿಟ್ಟರನ ಕಣ್ಣಿನಲ್ಲಿ ನೋಡು. ಪಾರ್ಕಿನ ಆಟ ಕಾಂಕ್ರೀಟಿನಲ್ಲಿ ಹೂತಿರುತ್ತೆ, ಒಮ್ಮೆ ಜೋಡಿಸಿದ್ದು ವರ್ಷಗಟ್ಟಲೆ ಅಲ್ಲೇ. ಜಾತ್ರೆಯ ತೊಟ್ಟಿಲು ಗದ್ದೆಬಯಲಿನಲ್ಲಿ ಮರದ ದಿಮ್ಮಿಯ ಮೇಲೆ ನಿಂತಿರುತ್ತೆ. ಇಲ್ಲಿ ಬಿಚ್ಚು, ಲಾರಿಗೆ ಹೇರು, ಮುಂದಿನ ಊರಲ್ಲಿ ಕಟ್ಟು. ಪ್ರತಿ ಸಲ ಪಿನ್ನು ತೆಗೆದು ಹಾಕ್ತಾರೆ, ಬೋಲ್ಟು ಬಿಚ್ಚಿ ಬಿಗೀತಾರೆ. ಸವೆತ ಜಾಸ್ತಿ ಯಾವುದಕ್ಕೆ? ತಪಾಸಣೆ ಜಾಸ್ತಿ ಬೇಕಿರೋದು ಯಾವುದಕ್ಕೆ?

— ಅನುಮತಿ ಕೊಡೋ ಮುಂಚೆ ಎಂಜಿನಿಯರು, ಅಗ್ನಿಶಾಮಕದವರು, ಪೊಲೀಸರು ನೋಡ್ತಾರಲ್ಲ?

— ನೋಡ್ತಾರೆ, ಒಂದು ಸಲ. ಪ್ರಮಾಣಪತ್ರ ಬರೀತಾರೆ. ಭಾರತೀಯ ಮಾನಕ ಬ್ಯೂರೋ ಇಂಥ ಆಟಗಳಿಗೆ ಮಾನಕಗಳನ್ನೂ ಮಾಡಿಟ್ಟಿದೆ. ಆದರೆ ಆಟ ಒಂಬತ್ತು ದಿನ ತಿರುಗುತ್ತೆ, ಬಿಡುವೇ ಇಲ್ಲದೆ. ಎರಡನೇ ದಿನ ಸಡಿಲವಾದ ಪಿನ್ನು ಮೊದಲನೇ ದಿನದ ಕಾಗದದಲ್ಲಿ ಇರುತ್ತಾ? ಇನ್ನೊಂದು ವಿಷಯ ಯಾರೂ ಹೇಳಲ್ಲ. ಜಾತ್ರೆಯ ಜಾಗವನ್ನು ಹರಾಜು ಹಾಕ್ತಾರೆ, ಹೆಚ್ಚು ಕೂಗಿದವನಿಗೆ ಜಾಗ. ಕೂಗಿದ ದುಡ್ಡು ಒಂಬತ್ತೇ ದಿನದಲ್ಲಿ ವಾಪಸ್ ಬರಬೇಕು. ಬೆಳಗಿನ ಒಂದು ಗಂಟೆ ಆಟ ನಿಲ್ಲಿಸಿ ಖಾಲಿ ಸುತ್ತಿಸೋಕೆ ಅವನಿಗೆ ಮನಸ್ಸು ಬರುತ್ತಾ? ಆಟದವನು ಕೆಟ್ಟವನು ಅಂತಲ್ಲ. ನಾವು ಹರಾಜು ಹಾಕೋ ರೀತಿಯೇ ಅವನನ್ನು ಅವಸರಕ್ಕೆ ತಳ್ಳುತ್ತೆ.

— ಆದರೆ ಅಪಘಾತ ಪಾರ್ಕುಗಳಲ್ಲೂ ಆಗಿವೆ ಮಾವ. ಅಹಮದಾಬಾದಿನ ಕಾಂಕರಿಯಾದಲ್ಲಿ 2019ರ ಜುಲೈನಲ್ಲಿ ತೂಗಾಡೋ ಲೋಲಕದ ಆಟವೇ ಮುರಿದು ಬಿತ್ತು. ಇಬ್ಬರು ಸತ್ತರು, ಹಲವರಿಗೆ ಗಾಯ. ಅದು ಜಾತ್ರೆ ಅಲ್ಲ, ಕಾಯಂ ಜಾಗ.

— ಹೌದು, ಅದನ್ನು ಮುಚ್ಚಿಡಬಾರದು. ಕಾಯಂ ಜಾಗ ಅಂದಮಾತ್ರಕ್ಕೆ ಸುರಕ್ಷಿತ ಅಲ್ಲ. 2022ರ ಸೆಪ್ಟೆಂಬರಿನಲ್ಲಿ ಮೊಹಾಲಿಯ ಮೇಳದಲ್ಲಿ ಎತ್ತರದ ಗೋಪುರದಿಂದ ಇಳಿಯಬೇಕಾದ ಆಸನಗಳು ತಡೆಯೇ ಇಲ್ಲದೆ ನೆಲಕ್ಕೆ ಅಪ್ಪಳಿಸಿದ್ದನ್ನು ಟಿವಿಯಲ್ಲಿ ನೋಡಿದೆ. ನೀನು ಈಗ ಹೇಳಿದೆಯಲ್ಲ, ಬಿದ್ದಷ್ಟೂ ಜೋರಾಗಿ ತಡೆಯೋ ಬ್ರೇಕು ಅಂತ, ಅದಿದ್ದಿದ್ದರೆ ಹಾಗೆ ಬಡಿಯುತ್ತಿರಲಿಲ್ಲ. ಅದಕ್ಕೇ ನಾನು ಪಾರ್ಕು ಒಳ್ಳೇದು, ಜಾತ್ರೆ ಕೆಟ್ಟದ್ದು ಅಂತ ಹೇಳ್ತಾ ಇಲ್ಲ. ಬೆಳಗ್ಗೆ ಖಾಲಿ ಸುತ್ತಿಸಿ ಸಹಿ ಹಾಕಿದ ಆಟ ಒಂದು ಜಾತಿ, ಹಾಕದ್ದು ಇನ್ನೊಂದು ಜಾತಿ. ನಾನು ಒಪ್ಪೋದು ಈ ಎರಡೇ ಜಾತಿ.

— ಹಾಗಂತ ಜಾತ್ರೆಯಲ್ಲಿ ತೊಟ್ಟಿಲೇ ಬೇಡ ಅಂತ ನಿಷೇಧ ಹಾಕಿಬಿಟ್ಟರೆ? ಒಂದು ಅಪಘಾತ ಆದ ಕೂಡಲೇ ಅಧಿಕಾರಿಗಳು ಮಾಡೋದು ಅದನ್ನೇ.

— ಅದು ಸೋಮಾರಿಗಳ ಕೆಲಸ. ನಿಷೇಧ ಹಾಕೋಕೆ ಒಂದು ಸಹಿ ಸಾಕು, ತಪಾಸಣೆಗೆ ದಿನಾ ಬೆಳಗ್ಗೆ ಏಳಬೇಕು. ತೊಟ್ಟಿಲು ನಿಲ್ಲಿಸಿದರೆ ನಷ್ಟ ಯಾರಿಗೆ? ನಿನ್ನ ಆ ಹುಡುಗಿಗೆ. ಬಿಡದಿಗೆ ಹೋಗೋರಿಗೆ ಏನೂ ಆಗಲ್ಲ. ಈಚೆಗೆ ಹೆಣ್ಣುಮಕ್ಕಳ ಜಡೆ ತೊಟ್ಟಿಲಿಗೆ ಸಿಕ್ಕಿಕೊಂಡ ಸುದ್ದಿ ಪೇಪರಿನಲ್ಲಿ ಓದಿದೆ. ಅದನ್ನು ತಪ್ಪಿಸೋಕೆ ದೊಡ್ಡ ಎಂಜಿನಿಯರಿಂಗ್ ಬೇಡ. ಆಸನದ ಹಿಂದೆ ಒಂದು ತಗಡು, ಹತ್ತಿಸೋ ಹುಡುಗನ ಬಾಯಲ್ಲಿ ‘ಜಡೆ ಕಟ್ಟಿಕೋ ತಂಗಿ’ ಅನ್ನೋ ಒಂದು ಮಾತು.

— ನಮ್ಮ ಮಕ್ಕಳಿಗೆ ಒಂದು ಪ್ರಾಜೆಕ್ಟ್ ಕೊಡ್ತೀನಿ ಹಾಗಾದರೆ. ಪ್ರವಾಸ ಮುಗಿದ ಮೇಲೆ ಅವರವರ ಊರ ಜಾತ್ರೆಯಲ್ಲಿ ಆಟದವರನ್ನು ಮಾತಾಡಿಸಿ ಬರಲಿ. ಏನೇನು ಕೇಳಬೇಕು, ಹೇಳಿ.

— ಪೊಲೀಸರ ಥರ ಕೇಳಬಾರದು, ಮೊದಲೇ ಹೇಳಿದ್ದೀನಿ. ಅವರೂ ಊರೂರು ಅಲೆದು ಹೊಟ್ಟೆ ಹೊರೆಯೋರು. ಟೀ ಕುಡಿಸಿ ಮಾತಾಡಿಸಿ. ಬೆಳಗ್ಗೆ ಎಷ್ಟು ಹೊತ್ತಿಗೆ ಏಳ್ತೀರಿ, ಯಾವ ಪಿನ್ನು ಬೇಗ ಸವೆಯುತ್ತೆ, ಕಳೆದ ಊರಲ್ಲಿ ಏನು ಬದಲಾಯಿಸಿದಿರಿ ಅಂತ ಕೇಳಿ. ಕೆಲಸ ಗೊತ್ತಿರೋನು ಖುಷಿಯಿಂದ ಹೇಳ್ತಾನೆ, ನಿಲ್ಲಿಸು ಅಂದರೂ ನಿಲ್ಲಿಸಲ್ಲ. ತಡವರಿಸಿದರೆ ಆ ಆಟ ಹತ್ತಬೇಡಿ. ಪಾರ್ಕಿನಲ್ಲೂ ಅಷ್ಟೇ. ಪಟ್ಟಿ ಬಿಗಿದು ಹೋದ ಹುಡುಗ ಕೈಯಲ್ಲಿ ಎಳೆದು ನೋಡಿದನಾ, ಕಣ್ಣಲ್ಲಿ ನೋಡಿ ಮುಂದೆ ಹೋದನಾ, ಅದನ್ನು ಗಮನಿಸಿ. ಹೆದರಿದ ಮಕ್ಕಳನ್ನು ಮಾತ್ರ ಒತ್ತಾಯ ಮಾಡಿ ಹತ್ತಿಸಬೇಡ. ಕೆಳಗೆ ಕೂತು ಬ್ಯಾಗು ಕಾಯೋರೂ ಬೇಕು. ಅವರ ಜೊತೆ ನಾನಿರ್ತೀನಿ.

— ಬರ್ತೀರಿ ಅಂತಾಯ್ತು! ಪ್ರಾಜೆಕ್ಟ್ ವರದಿಯನ್ನು ನಗರಸಭೆಗೂ, ಪಂಚಾಯಿತಿಗಳಿಗೂ ಕಳಿಸೋಣವಾ?

— ಕಳಿಸು. ವರದಿ ಉದ್ದ ಬೇಡ, ಓದಲ್ಲ. ಜಾಗ ಹರಾಜು ಹಾಕೋ ಷರತ್ತಿನ ಕಾಗದಕ್ಕೆ ಎರಡು ಸಾಲು ಸೇರಿಸಿ ಅಂತ ಕೇಳು. ದಿನಾ ಬೆಳಗ್ಗೆ ಪ್ರತಿ ಆಟವನ್ನೂ ಖಾಲಿ ಸುತ್ತಿಸಿ, ನೋಡಿದವನ ಸಹಿ, ತಾರೀಖು ಹಾಕಿ ಟಿಕೆಟ್ ಕೌಂಟರಿನ ಮುಂದೆ ತೂಗುಹಾಕಬೇಕು. ಆ ಕಾಗದ ಇಲ್ಲದ ದಿನ ತೊಟ್ಟಿಲು ತಿರುಗಬಾರದು.